ಸುಣ್ಣ ಹಚ್ಚಿದವರದೇ ಗೋರಿ

ಕುಪ್ಪೇಲೂರಿನಿಂದ ರಾಣೆಬೆನ್ನೂರಿಗೆ ಹೊರಟ ಬಸ್ಸಿನಲ್ಲಿ ಕರುಣಾಕರ ತನ್ನ ಚೀಲವನ್ನು ಕೆಳಗಿಡದೆ ತೊಡೆಯ ಮೇಲೆಯೇ ಅವಚಿಕೊಂಡು ಕೂತಿದ್ದ. ಅದರೊಳಗೆ ಊಟದ ಡಬ್ಬಿ ಇತ್ತು, ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳಿದ್ದವು, ಇವೆರಡರ ನಡುವೆ ಚರ್ಚಿನ ಹಳೆಯ ದಫ್ತರವಿತ್ತು. ಡಬ್ಬಿ, ಪತ್ರಿಕೆ ಕಳೆದರೆ ಹೇಗಾದರೂ ಆದೀತು. ಆದರೆ ಖರೇ ಹೇಳಬೇಕೆಂದರೆ ಆ ದಫ್ತರವೇ ಕಿಟಕಿಯಿಂದ ಜಾರಿ ಹಿಂದಿನ ಲಾರಿಯ ಚಕ್ರಕ್ಕೆ ಸಿಕ್ಕು ಚಿಂದಿಯಾಗಿ ಹೋದರೆ ಎಷ್ಟು ಚೆನ್ನ ಎಂದು ಅವನು ಆಗಲೇ ಎರಡು ಸಲ ಅಂದುಕೊಂಡಿದ್ದ. ಐವತ್ತೆರಡು ವರ್ಷದ ಹೈಸ್ಕೂಲು ಮಾಸ್ತರ, ಮಕ್ಕಳಿಗೆ ಪುಸ್ತಕದ ಹಾಳೆ ಮಡಿಸಬೇಡಿ ಎಂದು ಗದರುವವನು, ಒಂದು ಪುಸ್ತಕ ನಾಶವಾಗಲಿ ಎಂದು ಬಯಸುತ್ತ ಕೂತಿದ್ದಾನೆ. ನಗೆಗೇಡು. ಪಕ್ಕದ ಮುದುಕ ‘ಸ್ವಲ್ಪ ಸರೀರಿ’ ಎಂದಾಗ ಕಳ್ಳಮಾಲು ಹಿಡಿದವನಂತೆ ಬೆಚ್ಚಿ ಸರಿದ.

ಈ ಕೆಲಸ ಅವನೇನು ಬೇಡಿ ತಂದುಕೊಂಡದ್ದಲ್ಲ. ರಾಣೆಬೆನ್ನೂರಿನ ಹಳೆಯ ಚರ್ಚಿಗೆ ಈ ವರ್ಷ, ಎರಡು ಸಾವಿರದ ನಾಲ್ಕಕ್ಕೆ, ನೂರಾ ಇಪ್ಪತ್ತೈದು ತುಂಬುತ್ತದೆ. ಹೊಸದಾಗಿ ಬಂದ ಪಾದ್ರಿಗಳು ಆರಾಧನೆ ಮುಗಿದ ಮೇಲೆ ಎಲ್ಲರೆದುರಿಗೆ, ‘ನಿಮ್ಮಂಗ ಕನ್ನಡ ಬರಿಯೋರು ನಮ್ಮ ಸಭಾದಾಗ ಯಾರದಾರ್ರಿ ಸರ್, ಚರಿತ್ರಾ ನೀವ ಬರೀಬೇಕು’ ಎಂದಿದ್ದರು. ಕರುಣಾಕರ ಉಬ್ಬಿಹೋದ. ಹನ್ನೆರಡು ಪುಟ ಒಂದೇ ಉಸುರಿಗೆ ಬರೆದ. ಧಾತು ಸಂವತ್ಸರದ ಬರದಲ್ಲಿ ಗಂಜಿಗೆಂದು ಬಂದು ಇಲ್ಲಿಯೇ ಉಳಿದ ಹನ್ನೊಂದು ಮನೆಗಳು, ಅವರೇ ಹೊತ್ತು ತಂದ ಹಲಗೇರಿ ಕಡೆಯ ಕಲ್ಲು, ಹಡಗಿನಲ್ಲಿ ಕಾರವಾರಕ್ಕೆ ಬಂದು ಅಲ್ಲಿಂದ ಚಕ್ಕಡಿಯಲ್ಲಿ ಘಟ್ಟ ಹತ್ತಿದ ಗಂಟೆ, ಮೊದಲ ಮಳೆಗೇ ಸೋರಿದ ಮಾಡು, ಜ್ವರದಲ್ಲಿ ತೀರಿಕೊಂಡ ಬಿಳಿಯ ಪಾದ್ರಿಯ ಎಳೆಯ ಹೆಂಡತಿ. ಹಿಂದಿನ ಸಮಾಧಿ ತೋಟದಲ್ಲಿ ಹೆಸರು ಕೆತ್ತಿದ ಕಲ್ಲು ಇರುವುದು ಆಕೆಯೊಬ್ಬಳಿಗೇ. ಮಿಕ್ಕವರಿಗೆಲ್ಲ ಇಟ್ಟಂಗಿ-ಮಣ್ಣಿನ ದಿಬ್ಬ, ತಲೆಯ ಕಡೆ ಕಟ್ಟಿಗೆಯ ಒಂದು ಶಿಲುಬೆ; ಅದನ್ನು ಎರಡು ಮಳೆಗಾಲದಲ್ಲಿ ಗೆದ್ದಲು ತಿಂದು ಮುಗಿಸುತ್ತದೆ. ಆಮೇಲೆ ಗೋರಿ ಯಾರದೆಂದು ತಿಳಿಯುವುದು ಸುಣ್ಣದಿಂದ. ಪುನರುತ್ಥಾನದ ಹಬ್ಬದ ಹಿಂದಿನ ಶನಿವಾರ ಪ್ರತಿ ಮನೆಯವರು ಡಬ್ಬಿಯಲ್ಲಿ ಸುಣ್ಣಕ್ಕೆ ತುಸು ನೀಲಿ ಕಲಸಿಕೊಂಡು ಬಂದು ತಮ್ಮ ತಮ್ಮವರ ಗೋರಿಗೆ ಹಚ್ಚುತ್ತಾರೆ. ಸುಣ್ಣ ಹಚ್ಚಿದವರದೇ ಗೋರಿ ಎಂಬುದು ಹಿರಿಯರ ಕಾಲದಿಂದ ನಡೆದುಬಂದ ಮಾತು. ಇದನ್ನೆಲ್ಲ ಕರುಣಾಕರ ಚೆಂದಾಗಿ ಬರೆದಿದ್ದ, ತಾನೇ ಓದಿಕೊಂಡು ತಾನೇ ಮೆಚ್ಚಿಕೊಂಡಿದ್ದ.

ಹದಿಮೂರನೆಯ ಪುಟಕ್ಕೆಂದು ದಫ್ತರದಲ್ಲಿ ಹೂಳಿದವರ ಪಟ್ಟಿ ತೆರೆದದ್ದೇ ತಪ್ಪಾಯಿತು. ಸಾವಿರದ ಒಂಬೈನೂರ ಎಪ್ಪತ್ತೊಂದು, ಮೇ ತಿಂಗಳು, ಊರಲ್ಲಿ ವಾಂತಿಭೇದಿ ಎದ್ದಿದ್ದ ವಾರ. ‘ಸಮುವೇಲಪ್ಪ, ಗಂಟೆ ಬಾರಿಸುವವನು, ವಯಸ್ಸು ನಲವತ್ತೆಂಟು. ಬೇವಿನ ಮರದ ಆಚೆ, ರಸ್ತೆಯ ಗೋಡೆಗೆ ಹತ್ತಿ.’ ಅದರ ಕೆಳಗೇ ಮರುದಿನದ್ದು: ‘ಫಕ್ಕೀರವ್ವ, ಕಸ ಗುಡಿಸುವವಳು, ದಿಕ್ಕಿಲ್ಲದವಳು. ನಡುದಾರಿಯ ಎಡಕ್ಕೆ, ಮೊದಲನೆಯ ಸಾಲು.’ ಕರುಣಾಕರ ಎರಡನ್ನೂ ನಾಲ್ಕು ಸಲ ಓದಿದ. ಬರೆದವರು ತಪ್ಪಿರಬಹುದೇ ಎಂದು ಹುಡುಕಿದ. ಆಗಿನ ಪಾದ್ರಿಯ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಸಮುವೇಲಪ್ಪ ಅವನ ಅಪ್ಪ. ನಡುದಾರಿಯ ಎಡಕ್ಕೆ ಮೊದಲನೆಯ ಸಾಲಿನ ಗೋರಿಗೆ ಅವನೂ ಅವನ ತಾಯಿ ಮರಿಯವ್ವನೂ ಮೂವತ್ತೆರಡು ವರ್ಷದಿಂದ ಸುಣ್ಣ ಹಚ್ಚುತ್ತ ಬಂದಿದ್ದರು.

ಬಸ್ಸಿಳಿದವನು ಮನೆಗೆ ಹೋಗಲಿಲ್ಲ, ಕಾಲು ತಾವಾಗಿಯೇ ಚರ್ಚಿನ ಕಡೆ ಎಳೆದವು. ಬಾಗಿಲಿಗೆ ಅಂಟಿಸಿದ ನೋಟೀಸು ಬಿಸಿಲಿಗೆ ಸುರುಳಿಯಾಗಿತ್ತು. ಮುಂದಿನ ರಸ್ತೆ ಅಗಲವಾಗುತ್ತದೆ, ಸಮಾಧಿ ತೋಟದಲ್ಲಿ ಗೋಡೆಯಿಂದ ಒಳಗೆ ಎಂಟು ಅಡಿ ಬಿಡಬೇಕು. ಆ ಎಂಟು ಅಡಿಯೊಳಗೆ ತಮ್ಮವರು ಇದ್ದರೆ ಈ ಶನಿವಾರ ಸುಣ್ಣ ಹಚ್ಚಿ ಹೆಸರು ಬರೆಸಬೇಕು, ಅವರಿಗೆ ಒಳಗೆ ಬೇರೆ ಜಾಗ ಕೊಡಲಾಗುವುದು. ಸುಣ್ಣವಿಲ್ಲದ ಗೋರಿಗಳಲ್ಲಿ ಸಿಕ್ಕದ್ದನ್ನು ಒಂದೇ ಕುಣಿಯಲ್ಲಿ ಇಡಲಾಗುವುದು. ನೋಟೀಸಿನ ಕನ್ನಡ ಅವನದೇ. ಪಾದ್ರಿಗಳು ‘ಅನಾಥ ಗೋರಿಗಳು’ ಎಂದು ಬರೆದುಕೊಂಡು ಬಂದಿದ್ದರು. ‘ಆ ಶಬ್ದ ಬ್ಯಾಡ್ರಿ, ಮನಸ್ಸಿಗೆ ಹತ್ತತೈತಿ, ಸುಣ್ಣವಿಲ್ಲದ ಅನ್ನೂಣು’ ಎಂದು ತಿದ್ದಿಕೊಟ್ಟವನು ಇದೇ ಕರುಣಾಕರ. ಈಗ ಆ ಶಬ್ದವೇ ಎದುರಿಗೆ ನಿಂತು ಅವನನ್ನು ನೋಡುತ್ತಿತ್ತು. ಶನಿವಾರ ಅವನು ಬಾಯಿ ಬಿಡದಿದ್ದರೆ ಅಪ್ಪ ಯಾರೂ ಇಲ್ಲದವರ ಜೊತೆ ಕುಣಿಗೆ ಬೀಳುತ್ತಾನೆ. ಬಾಯಿ ಬಿಟ್ಟರೆ ಎಪ್ಪತ್ತೈದು ದಾಟಿದ ತಾಯಿಗೆ ಹೇಳಬೇಕು: ನೀನು ಮಾತಾಡಿಸುತ್ತಿದ್ದದ್ದು ಅಪ್ಪನನ್ನಲ್ಲ. ಹಾಗೆ ಹೇಳಿದರೆ ಯಾಕೆ ಎಂದು ಕೇಳುತ್ತಾಳೆ, ಯಾಕೆ ಎಂದರೆ ಬ್ಯಾಡಗಿಯ ಮಾತು ಬರುತ್ತದೆ.

ಬ್ಯಾಡಗಿಯಲ್ಲಿ ಅವನಿಗಾಗ ಹತ್ತೊಂಬತ್ತು. ಅಂದಾನೆಪ್ಪನವರ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಮೆಣಸಿನಕಾಯಿ ಚೀಲ ಬಿಚ್ಚಿದಾಗಲೆಲ್ಲ ಹಮಾಲರು, ಸಾಹುಕಾರರು, ರೈತರು ಎಲ್ಲರೂ ಕೂಡಿಯೇ ಸೀನುತ್ತಿದ್ದರು. ಆ ಸೀನಿಗೆ ಮೇಲು ಕೀಳು ಇರಲಿಲ್ಲ. ಊಟಕ್ಕೆ ಮಾತ್ರ ಅಂದಾನೆಪ್ಪನವರ ಮನೆಯ ಒಳಪಡಸಾಲೆಯಲ್ಲಿ ಗುಮಾಸ್ತರ ಪಂಕ್ತಿ. ಕರುಣಾಕರ ಎಂಬ ಹೆಸರು ಕೇಳಿ ಯಾರೂ ಏನೂ ವಿಚಾರಿಸಲಿಲ್ಲ, ಇವನೂ ಹೇಳಲಿಲ್ಲ. ಬೆಳಿಗ್ಗೆ ಅಂಗಡಿಯ ಪೂಜೆಯಾದ ಮೇಲೆ ಸಾಹುಕಾರರು ಎಲ್ಲರಿಗೂ ವಿಭೂತಿ ಕೊಡುತ್ತಿದ್ದರು. ಮೊದಲ ದಿನ ಕೈ ಚಾಚಿದ್ದು ಹೆದರಿ, ಎರಡನೆಯ ದಿನ ರೂಢಿಯಿಂದ. ಮೂರನೆಯ ವಾರಕ್ಕೆ ಕನ್ನಡಿಯಲ್ಲಿ ನೋಡಿಕೊಂಡು, ತನಗೆ ಒಪ್ಪುತ್ತದೆ ಅಂದುಕೊಂಡಿದ್ದ. ಆ ಮೇ ತಿಂಗಳಲ್ಲಿ ಚರ್ಚಿನ ಯಾಕೋಬಪ್ಪ, ಅಪ್ಪನ ಗೆಳೆಯ, ರೈಲಿಳಿದು ಬಿಸಿಲಲ್ಲಿ ನಡೆದು ಬಂದು ಅಂಗಡಿಯ ಹೊಸ್ತಿಲಲ್ಲಿ ನಿಂತ. ಕೊರಳಲ್ಲಿ ಹಿತ್ತಾಳೆಯ ಶಿಲುಬೆ. ‘ಕರುಣಾ, ಅಪ್ಪ ಹೋದ. ಸಂಜಿಗೆ ಮಣ್ಣು. ಇಡಬಾರದು ಅಂದಾರ, ಲಗೂ ನಡಿ.’ ಅಂದಾನೆಪ್ಪನವರು ಕನ್ನಡಕ ಏರಿಸಿ, ‘ಯಾರಪಾ ಇವರು? ನಿಮ್ಮವರೇನು?’ ಎಂದು ಕೇಳಿದರು. ಸಿಟ್ಟಿನಿಂದಲ್ಲ, ಬರೀ ಕೇಳಿದರು. ‘ನಮ್ಮ ಓಣ್ಯಾವ್ರರೀ. ಅವರ ಪೈಕಿ ಯಾರೋ ತೀರಿಕೊಂಡಾರಂತ’ ಎಂದ ಕರುಣಾಕರ. ಯಾಕೋಬಪ್ಪ ಇವನ ಹಣೆ ನೋಡಿದ, ಕೊಡೆ ಬಿಚ್ಚಿದ, ಸ್ಟೇಶನ್ನಿನ ಹಾದಿ ಹಿಡಿದ. ಸತ್ತವನನ್ನು ಬೇರೆಯವರ ಪೈಕಿ ಮಾಡಿದ ಮೇಲೆ ರಜೆ ಕೇಳುವುದು ಹೇಗೆ? ಸಂಜೆಯವರೆಗೆ ಚೀಲ ಎಣಿಸಿದ. ಮರುದಿನ ಹೊಟ್ಟೆನೋವೆಂದು ಹೇಳಿ, ಸ್ಟೇಶನ್ನಿನ ನಲ್ಲಿಯಲ್ಲಿ ಹಣೆ ತಿಕ್ಕಿ ತಿಕ್ಕಿ ತೊಳೆದುಕೊಂಡು ರೈಲು ಹತ್ತಿದ. ಶುಭ ಶುಕ್ರವಾರ, ಕೋಳಿ ಕೂಗುವ ಮೊದಲು ಯೇಸುವನ್ನು ಅರಿಯೆನೆಂದ ಪೇತ್ರನ ಪ್ರಸಂಗ ಓದುವಾಗ ಉಳಿದವರಿಗೆಲ್ಲ ಕೋಳಿ ಕೂಗುವುದು ಕೇಳುತ್ತದೆ. ಕರುಣಾಕರನಿಗೆ ಮಾತ್ರ ಸೀನು.

ಅವ್ವನೂ ಅದೇ ರೋಗದಲ್ಲಿ ಆಸ್ಪತ್ರೆಯಲ್ಲಿದ್ದಳು. ಎಂಟು ದಿನಕ್ಕೆ ಎದ್ದು ಬಂದವಳು ಕೇಳಿದ ಮೊದಲ ಮಾತು, ‘ನೀ ಮಣ್ಣು ಹಾಕಿದ್ಯಾ?’ ಎಂದು. ‘ಹೂಂ, ಮೂರು ಹಿಡಿ ಹಾಕೀನಿ.’ ‘ತೋರ್ಸು ನಡಿ.’ ತೋಟದಲ್ಲಿ ಎರಡು ಹಸಿ ದಿಬ್ಬಗಳಿದ್ದವು, ಒಂದು ಗೋಡೆಯ ಹತ್ತಿರ, ಒಂದು ನಡುದಾರಿಯಲ್ಲಿ. ರೋಗಕ್ಕೆ ಹೆದರಿ ಮಣ್ಣಿಗೆ ನಾಲ್ಕು ಮಂದಿಯೂ ಬಂದಿರಲಿಲ್ಲ, ಪಾದ್ರಿಗೆ ವರ್ಗವಾಗಿತ್ತು. ಯಾರನ್ನಾದರೂ ಕೇಳಿದರೆ, ನೀ ಇದ್ದಿಲ್ಲೇನು ಎಂದಾರು. ನಡುದಾರಿಯ ದಿಬ್ಬದ ಮೇಲೆ ಬಾಡಿದ ಕಣಗಿಲೆ ಹೂವಿದ್ದವು. ಇಪ್ಪತ್ತು ವರ್ಷ ಗಂಟೆ ಬಾರಿಸಿದವನಿಗಲ್ಲದೆ ಮತ್ತೆ ಯಾರಿಗೆ ಹೂ ಇಟ್ಟಾರು ಎಂದುಕೊಂಡು ಕರುಣಾಕರ ಬೆರಳು ಮಾಡಿದ. ಅಷ್ಟೇ. ಮುಂದಿನ ಹಬ್ಬದ ಮೊದಲೇ ಯಾಕೋಬಪ್ಪ ತೀರಿಕೊಂಡ. ಅವನ ಮಣ್ಣಿಗೆ ಹೋಗಿ ನಿಂತಾಗ ಕರುಣಾಕರನಿಗೆ ದುಃಖದ ಅಡಿಯಲ್ಲಿ ಒಂದು ಹಗುರ ತಾಗಿತು, ಸದ್ಯ, ಇನ್ನು ಹೇಳುವವರಿಲ್ಲ ಎಂದು. ಆ ಹಗುರಕ್ಕೆ ಇಷ್ಟು ವರ್ಷವಾದರೂ ಅವನು ತನ್ನನ್ನು ಕ್ಷಮಿಸಿರಲಿಲ್ಲ.

ಬೇವಿನ ಮರ ಹೋಗಿ ಬೊಡ್ಡೆ ಮಾತ್ರ ಉಳಿದಿತ್ತು. ಅದರ ಮೇಲೆ ಯೂಸುಫಸಾಬ ಕೂತಿದ್ದ. ಈ ಊರಲ್ಲಿ ನಲವತ್ತು ವರ್ಷ ಮುಸಲ್ಮಾನರ, ಕ್ರೈಸ್ತರ ಎರಡೂ ಕಡೆಯ ಗೋರಿ ತೋಡಿದವನು, ಈಗ ಕಣ್ಣು ಮಂಜಾಗಿ ಗುದ್ದಲಿ ಬಿಟ್ಟಿದ್ದ. ನೆರಳು ಹೋದರೂ ರೂಢಿ ಬಿಡಲಾರದೆ ಬಂದು ಕೂಡುತ್ತಿದ್ದ. ಕರುಣಾಕರ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚರಿತ್ರೆಗೆ ಬೇಕು ಎಂಬ ನೆವ ಹೂಡಿ, ಗೋಡೆಯ ಕಡೆ ಯಾರು ಯಾರು ಇದ್ದಾರೆ ಎಂದು ಕೇಳಿದ.

‘ಚರಿತ್ರಾಕ್ಕ ನನ್ನ ಕೇಳ್ತೀರಿ? ನಿಮ್ಮಪ್ಪ ಇಲ್ಲೇ ಅದಾನಲ್ರಿ ಮಾಸ್ತರ’ ಎಂದು ಯೂಸುಫಸಾಬ ಕೋಲಿನಿಂದ ಎರಡು ಮಾರು ದೂರ ತೋರಿಸಿದ. ‘ಬುಡಕ ಗಟ್ಟಿ ಕಲ್ಲು ಬಂದು ನನ್ನ ಗುದ್ದಲಿ ಕಾವು ಮುರೀತು. ಅದಕ್ಕ ನೆಪ್ಪೈತಿ.’

ಕರುಣಾಕರ ನಡುದಾರಿಯ ಕಡೆ ಕೈ ಮಾಡಿದ. ‘ಮತ್ತ ನಾವು ಆ ಕಡೆ ಸುಣ್ಣ ಹಚ್ಚೂದು ನೋಡೀರಲ್ಲ ಇಷ್ಟ ವರ್ಷ. ಯಾಕ ಹೇಳಲಿಲ್ರಿ?’

‘ಏನ್ ಹೇಳ್ಬೇಕ್ರಿ? ಫಕ್ಕೀರವ್ವಗ ಹಿಂದಿಲ್ಲ ಮುಂದಿಲ್ಲ, ಸಮುವೇಲಪ್ಪನ ಮಗ ಆಕಿನ್ನ ತಮ್ಮಾಕಿ ಅಂತ ನೋಡ್ಕೊಂತಾನ, ದೊಡ್ಡ ಮನಸ್ಸು ಅಂದ್ಕೊಂಡೆ. ನೀವು ಕೂಸಿದ್ದಾಗ ಆಕೀನ ನಿಮ್ಮನ್ನ ಬಗಲಾಗ ಇಟ್ಕೊಂಡು ಕಸಾ ಹೊಡೀತಿದ್ಲು. ಆಕಿ ಹೋದಾಗ ಓಣಿ ಹುಡುಗ್ರೆಲ್ಲಾ ಕಣಗಿಲಿ ಹೂ ತಂದು ಹಾಕಿದ್ವು.’ ಮುದುಕ ಗೋಡೆಯ ಕಡೆ ಮುಖ ತಿರುಗಿಸಿದ. ‘ನಿಮ್ಮಪ್ಪಂದೇನೂ ಬಿಟ್ಟಿಲ್ರಿ ನಾನು. ಹಬ್ಬದ ದಿನ ಎಲ್ಲಾರೂ ಡಬ್ಬ್ಯಾಗ ಒಂದೀಟು ಉಳಿಸಿ ಹೋಗ್ತಿದ್ರಲ್ಲ, ಅದನ್ನೆಲ್ಲಾ ಕೂಡಿಸಿ ಅಂವಗ ಬಳೀತಿದ್ದೆ. ಮೂರು ವರ್ಷ ಆತು ನೋಡ್ರಿ, ಕಣ್ಣು ಹೋದ್ಮ್ಯಾಲೆ ಆಗಿಲ್ಲ.’

ಕರುಣಾಕರ ಎದ್ದು ಹೋಗಿ ಹುಲ್ಲು ಸರಿಸಿದ. ಇಟ್ಟಂಗಿಯ ಸಂದಿಯಲ್ಲಿ ಪದರು ಪದರಾಗಿ ಸುಣ್ಣವಿತ್ತು, ಒಂದು ಪದರಿನಲ್ಲಿ ನೀಲಿ ಹೆಚ್ಚು, ಒಂದರಲ್ಲಿ ಕಡಿಮೆ. ಊರಿನ ಎಲ್ಲ ಮನೆಗಳ ಸುಣ್ಣ ಅಪ್ಪನ ಮೇಲೆ ಬಿದ್ದಿತ್ತು, ತನ್ನ ಮನೆಯದೂ. ಅದನ್ನು ಉಗುರಿನಿಂದ ಕೆರೆಯುತ್ತ ಅವನು ಬಹಳ ಹೊತ್ತು ಅಲ್ಲಿಯೇ ಕೂತ. ಯಾರಾದರೂ ಕಂಡರೆ ಏನೆಂದಾರು ಎಂಬುದು ಆಗ ಹೊಳೆಯಲಿಲ್ಲ. ದೊಡ್ಡ ಮನಸ್ಸಂತೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮನೆಗೆ ಬಂದರೆ ಮರಿಯವ್ವ ಹಿತ್ತಲಲ್ಲಿ ಸುಣ್ಣದ ಹರಳು ನೆನೆಹಾಕುತ್ತಿದ್ದಳು. ಹರಳು ಕುದಿಯುವುದನ್ನು ಸಣ್ಣ ಹುಡುಗಿಯಂತೆ ಬಗ್ಗಿ ನೋಡುವುದು ಆಕೆಯ ವರ್ಷದ ಹಬ್ಬ. ‘ಶನಿವಾರ ನಿಮ್ಮಪ್ಪಗ ಹೇಳೂದೈತಿ, ಈ ಸೊಸಿ ನನಗ ಚಾದಾಗ ಸಕ್ರಿ ಕಡಿಮಿ ಹಾಕಾಕತ್ಯಾಳಂತ’ ಎಂದು ಒಳಗಿದ್ದ ಸೊಸೆಗೆ ಕೇಳುವಂತೆ ಅಂದಳು. ಗಂಡ ಬದುಕಿದ್ದಾಗ ಎದುರಿಗೆ ನಿಂತು ಮಾತಾಡಿದವಳಲ್ಲ; ಸತ್ತ ಮೇಲೆ ಬಾಕಿಯೆಲ್ಲ ತೀರಿಸಿಕೊಂಡಿದ್ದಳು. ಹೋಗುವುದಾದರೆ ಒಲೆಗೆ ಕಟ್ಟಿಗೆ ಒಡೆದಿಟ್ಟಾದರೂ ಹೋಗಬಾರದಿತ್ತೇ ಎಂಬಲ್ಲಿಂದ ಹಿಡಿದು, ಒಂದು ದಿನವಾದರೂ ಮರಿಯಾ ಎಂದು ಹೆಸರು ಹಿಡಿದು ಕರೆದೆಯಾ ಎಂಬಲ್ಲಿಯವರೆಗೆ. ಆ ಗೋರಿಯ ಬಲಮಗ್ಗುಲಿಗೆ ನಾಲ್ಕು ಕಲ್ಲು ಇಡಿಸಿ ತನಗೆಂದು ಜಾಗ ಹಿಡಿದಿದ್ದಳು. ‘ಅವ್ವಾ’ ಎಂದ ಕರುಣಾಕರ. ‘ಏನೋ?’ ‘ಏನಿಲ್ಲ, ಕೈ ಸುಟ್ಕೊಂಡೀಯಾ.’ ಗುರುವಾರ ಹೀಗೆಯೇ ಹೋಯಿತು. ಶುಕ್ರವಾರ ಚರ್ಚಿನಲ್ಲಿ ಅದೇ ಪ್ರಸಂಗ ಓದಿದರು, ಅವನು ಅದೇ ರೀತಿ ಪಾದರಕ್ಷೆ ನೋಡುತ್ತ ಕೂತ. ಬರುವಾಗ ಒಂದು ಉಪಾಯ ಹೊಳೆಯಿತು: ಯಾರೋ ದೂರದ ಕಾಕಾನ ಗೋರಿ ಎಂದು ಹೇಳಿ ಗೋಡೆಯದಕ್ಕೂ ನಾಲ್ಕು ಗೆರೆ ಎಳೆದರಾಯಿತು, ಅಪ್ಪನೂ ಉಳಿಯುತ್ತಾನೆ, ಮಾನವೂ ಉಳಿಯುತ್ತದೆ. ಮನೆ ಮುಟ್ಟುವವರೆಗೆ ಆ ಉಪಾಯ ಬಲು ಚೆಂದವಾಗಿ ಕಂಡಿತು. ಆಮೇಲೆ ತಿಳಿಯಿತು, ಅದು ಬ್ಯಾಡಗಿಯ ಮಾತೇ; ನಮ್ಮ ಓಣ್ಯಾವರ ಪೈಕಿ ಯಾರೋ.

ಶನಿವಾರ ಬೆಳಿಗ್ಗೆ ಏಳಕ್ಕೇ ತೋಟದ ತುಂಬ ಜನ. ಡಬ್ಬಿಗಳ ಸದ್ದು, ಒಬ್ಬರ ನೀಲಿ ಇನ್ನೊಬ್ಬರು ಕೇಳುವುದು, ಪಾದ್ರಿಗಳು ಕೈಯಲ್ಲಿ ಹಾಳೆ ಹಿಡಿದು ಗೋಡೆಯ ಪಕ್ಕದ ಗೋರಿಗಳ ಹೆಸರು ಬರೆಯುತ್ತ ಬರುತ್ತಿದ್ದರು. ಮರಿಯವ್ವ ನೆಟ್ಟಗೆ ನಡುದಾರಿಯ ಗೋರಿಗೆ ಹೋಗಿ, ಮೊಣಕಾಲ ಮೇಲೆ ಕೈಯೂರಿ ಕೂತು, ‘ಬಂದೇನಿ ನೋಡಪಾ’ ಎಂದು ಕುಂಚ ಅದ್ದಿದಳು. ಕರುಣಾಕರ ಆಕೆಯ ಎದುರಿಗೆ ಕೂತ.

‘ಅವ್ವಾ, ನಿಂದ್ರು. ಇದು ಅಪ್ಪಂದಲ್ಲ.’

‘ಏನಂದಿ?’

‘ಅಪ್ಪ ಅಲ್ಲಿ ಗೋಡಿ ಬುಡಕ ಅದಾನ. ಇಲ್ಲಿ ಇರಾಕಿ ಫಕ್ಕೀರವ್ವ. ನಾ ಮಣ್ಣಿಗೆ ಬಂದಿದ್ದಿಲ್ಲವ್ವಾ, ನಿನಗ ಸುಳ್ಳ ಹೇಳಿದೆ. ಯಾಕೋಬಪ್ಪ ಬ್ಯಾಡಗಿಗೆ ಹೇಳಾಕ ಬಂದಿದ್ದ. ಸಾಹುಕಾರ್ರ ಮುಂದ, ಹಣ್ಯಾಗ ವಿಭೂತಿ ಹಚ್ಕೊಂಡು, ಸತ್ತಾಂವ ನಮ್ಮಾಂವ ಅಲ್ಲ ಅಂದುಬಿಟ್ಟೆ.’

ಮೂವತ್ತೆರಡು ವರ್ಷ ಗಂಟಲಲ್ಲಿ ಕೂತದ್ದು ಹೊರಗೆ ಬಂದಾಗ ಇಷ್ಟೇ ಇಷ್ಟಿತ್ತು. ಮರಿಯವ್ವ ಅವನನ್ನು ನೋಡಿದಳು. ಆಮೇಲೆ ಕುಂಚ ಎತ್ತಿ ಅವನ ಹಣೆಗೆ ರಪ್ಪನೆ ಬಾರಿಸಿದಳು. ಈ ಕಡೆಯಿಂದ ಆ ಕಡೆಯವರೆಗೆ ತಣ್ಣನೆಯ ಸುಣ್ಣ ಎಳೆದುಕೊಂಡಿತು, ಒಂದು ಹನಿ ಹುಬ್ಬಿನಿಂದ ಇಳಿಯಿತು. ಅಕ್ಕಪಕ್ಕದವರ ಕೈ ನಿಂತವು.

‘ಹಂಗಾದ್ರ ಇಷ್ಟ ವರ್ಷ ನಾ ಬೈದಿದ್ದೆಲ್ಲಾ?’ ಎಂದಳು ಮರಿಯವ್ವ.

‘ಫಕ್ಕೀರವ್ವ ಕೇಳ್ಯಾಳ.’

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಿದವು. ಕರುಣಾಕರ ಅಳುತ್ತಾಳೆಂದುಕೊಂಡ, ಅಳುತ್ತಲೂ ಇದ್ದಳು, ಆದರೆ ಅದರೊಳಗಿಂದ ನಗೆಯೇ ಒತ್ತಿಕೊಂಡು ಬರುತ್ತಿತ್ತು. ‘ಪಾಪ, ಆಕಿಗೆ ಲಗ್ನಾನ ಆಗಿದ್ದಿಲ್ಲ. ಗಂಡಸಿನ ಪಾಲಿನ ಬೈಗಳಾ ಎಲ್ಲಾ ತಿಂದ್ಲು.’ ಗೋರಿಯ ಮೇಲೆ ಅಂಗೈಯಿಟ್ಟು, ‘ತಂಗಿ, ಹೊಟ್ಯಾಗ ಹಾಕ್ಕೋವಾ’ ಎಂದಳು. ಆಮೇಲೆ ಮಗನ ಕಡೆ ತಿರುಗದೆಯೇ ಕೈ ಚಾಚಿದಳು. ಕರುಣಾಕರ ಹಿಡಿದೆಬ್ಬಿಸಿ ಗೋಡೆಯ ಹತ್ತಿರ ಕರೆದೊಯ್ದ. ಅಲ್ಲಿ ಮರಿಯವ್ವ ಕೂತಳು, ಒಂದೊಂದೇ ಇಟ್ಟಂಗಿ ಮುಟ್ಟಿದಳು. ಆಮೇಲೆ, ‘ಇವಂಗ ಬೈಯಾಕ ಏನೂ ಉಳದಿಲ್ಲ ನೋಡು’ ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕರುಣಾಕರನಿಗೆ ಆಗ ಮೊದಲ ಸಲ ಅಳು ಬಂತು.

ಪಾದ್ರಿಗಳು ಹಾಳೆ ಹಿಡಿದು ಅಷ್ಟೊತ್ತಿಗೆ ಅಲ್ಲಿಗೆ ಮುಟ್ಟಿದ್ದರು. ಹಿಂದೆ ನಾಲ್ಕೈದು ಮನೆಯವರು. ‘ಸರ್, ಇದಕ್ಕ ಯಾರೂ ಇಲ್ಲಲ್ರಿ? ಸುಣ್ಣವಿಲ್ಲದ್ದು ಅಂತ ಬರ್ಕೊಳ್ಳಲ್ಯಾ?’ ಎಂದರು. ಎಲ್ಲರ ಕಣ್ಣು ತನ್ನ ಹಣೆಯ ಮೇಲಿದೆ ಎಂಬುದು ಕರುಣಾಕರನಿಗೆ ಗೊತ್ತಾಯಿತು. ಕೈ ತಾನಾಗಿ ಒರೆಸಿಕೊಳ್ಳಲು ಎದ್ದಿತು. ಅದನ್ನು ಇಳಿಸಿದ.

‘ಬ್ಯಾಡ್ರಿ. ಸಮುವೇಲಪ್ಪ ಅಂತ ಬರ್ಕೊಳ್ರಿ’ ಎಂದ. ‘ನಮ್ಮಪ್ಪ.’

‘ನಿಮ್ಮ ತಂದೀದು ಅಲ್ಲಿ ನಡುವ ಐತಲ್ರಿ?’

‘ಅದು ಫಕ್ಕೀರವ್ವಂದು. ಅದೂ ನಮ್ಮದ. ನಾ ಮಣ್ಣಿಗೆ ಬಂದಿದ್ದಿಲ್ರಿ, ಅದಕ್ಕ ತಪ್ಪು ಆಗೈತಿ. ಚರಿತ್ರಾದಾಗ ಬರೀತೇನಿ.’

ಪಾದ್ರಿಗಳು ಏನೋ ಕೇಳಲು ಹೊರಟು, ಮುದುಕಿಯನ್ನು ನೋಡಿ ಅಷ್ಟನ್ನೇ ಬರೆದುಕೊಂಡರು. ‘ಒಳಗ ಯಾವ ಜಾಗ ಕೊಡೂಣ್ರಿ?’ ಎಂದರು.

‘ಜಾಗ ಐತ್ರಿ ಅಯ್ಯನೋರ’ ಎಂದಳು ಮರಿಯವ್ವ. ‘ನನಗಂತ ನಾಕು ಕಲ್ಲು ಇಡಿಸೀನಲ್ಲ ಫಕ್ಕೀರವ್ವನ ಬಾಜೂಕ, ಅಲ್ಲೇ ಅಂವನ್ನ ತಂದು ಇಡ್ರಿ. ನಂದೇನು ಅವಸರಿಲ್ಲ, ಅಂವನ ಈಚೀಕ ನನಗೊಂದು ಜಾಗ ನೋಡ್ಕೊಂತೇನಿ.’ ಆಮೇಲೆ ಡಬ್ಬಿಯೊಳಗೆ ಇಣುಕಿ, ನಿಂತಿದ್ದ ಮಗನಿಗೆ ಹೇಳಿದಳು: ‘ನೋಡ್ಕೋತ ನಿಂತೀಯೇನು? ಎರಡಕ್ಕ ಸಾಲಂಗಿಲ್ಲ ಇದು. ಹೋಗು, ನೀರು ತಾ.’

ಕರುಣಾಕರ ಡಬ್ಬಿ ಎತ್ತಿಕೊಂಡು ಜನರ ನಡುವೆ ಹಾದು ಚರ್ಚಿನ ಮೂಲೆಯ ನಲ್ಲಿಗೆ ಹೋದ. ಬಿಸಿಲು ಏರುತ್ತಿತ್ತು, ಹಣೆಯ ಸುಣ್ಣ ಒಣಗಿ ಬಿಗಿಯುತ್ತಿತ್ತು. ನೀರು ಬಿಟ್ಟು ಡಬ್ಬಿ ಹಿಡಿದ. ತುಂಬಿದ ಮೇಲೆ ನಲ್ಲಿ ನಿಲ್ಲಿಸಿ, ಮುಖ ತೊಳೆದುಕೊಳ್ಳದೆ ತಿರುಗಿ ಬಂದ.